ಬಾಯ್ಲರ್ ರೂಮಿನ ಶಾಲು

ಲಂಡನ್ನಿನ ಅರ್ಧದಷ್ಟು ಜನರನ್ನು ನನ್ನ ಕೈಯಾರೆ ಮಲಗಿಸಿದ್ದೇನೆ. ಉಳಿದರ್ಧ ವೇಟಿಂಗ್ ಲಿಸ್ಟಿನಲ್ಲಿದ್ದಾರೆ. ನಾನು ಅರಿವಳಿಕೆ ಡಾಕ್ಟರು, ಹೆಸರು ಶರಣಬಸವ, ಊರು ಕಲಬುರಗಿ, ಈಗ ಮನೆ ಅಕ್ಸ್‌ಬ್ರಿಡ್ಜ್. ಸಿರಿಂಜು ಹಿಡಿದು ನಾನು ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ರೋಗಿಯ ಜೊತೆಗೆ ಬಂದವರೂ ಆಕಳಿಸುತ್ತಾರೆ. ಇಂಥ ನನ್ನ ನಿದ್ದೆಯನ್ನೇ ಕಸಿದುಕೊಂಡ ಪುಣ್ಯಾತ್ಮ ಈ ಊರಿನಲ್ಲಿ ಒಬ್ಬನೇ. ಪಿನ್ನರ್‌ನ ಚಂದ್ರಶೇಖರ್.

ಅವನು ಮಾಡಿದ್ದು ದೊಡ್ಡದೇನಲ್ಲ. ಗಣೇಶನ ಹಬ್ಬದ ದಿನ, ಪಿನ್ನರ್‌ನ ಚರ್ಚ್ ಹಾಲಿನಲ್ಲಿ ನಮ್ಮ ಕನ್ನಡ ಸಂಘದ ಊಟ ನಡೆದಿತ್ತು. ಎರಡು ಸಾವಿರ ಜನ ಸೇರಿದ್ದರು. ಸರಿ, ಹಾಲಿನಲ್ಲಿ ಹಿಡಿಸುವುದು ನೂರೈವತ್ತೇ ಜನ ಅಂತ ಬಾಗಿಲ ಮೇಲೆ ಬರೆದಿದೆ, ಆದರೆ ಆ ಗದ್ದಲಕ್ಕೆ ಎರಡು ಸಾವಿರ ಎನ್ನುವುದೇ ನ್ಯಾಯ. ಪುಳಿಯೋಗರೆಗೆ ಸಾಲು ನಿಂತಿದ್ದಾಗ ಯಾರೋ ಹೊಸಬರು, ಬೆಂಗಳೂರಿನಿಂದ ಆಗಷ್ಟೇ ವೀಸಾ ಮೇಲೆ ಬಂದ ದಂಪತಿ, "ಇಲ್ಲಿ ವೀಕೆಂಡ್ ಏನ್ ಮಾಡ್ತೀರಾ ಸಾರ್?" ಎಂದು ಕೇಳಿದರು. ನಾನು ಎದೆಯುಬ್ಬಿಸಿ ಏರ್‌ಸಾಫ್ಟ್ ಎಂದೆ. ನನ್ನ ಹಿಂದೆ ನಿಂತಿದ್ದ ಚಂದ್ರು, ತಟ್ಟೆಯಿಂದ ಕಣ್ಣೆತ್ತದೆ, "ಅದು ಮುಗೀತಲ್ಲ. ಯಾರ್ ಆಡ್ತಾರೆ ಈಗ? ಸತ್ತೋಗಿರೋ ಆಟ," ಎಂದ.

ನನ್ನ ರಕ್ತದೊತ್ತಡ ಆ ಕ್ಷಣ ನಾನೂರು ದಾಟಿತು. ವೈದ್ಯಶಾಸ್ತ್ರದಲ್ಲಿ ಅಂಥದ್ದು ಇಲ್ಲ, ಆದರೂ ದಾಟಿತು.

"ಏನಂದಿ?"

"ಇದ್ದದ್ ಅಂದೆ ಡಾಕ್ಟ್ರೇ. ಹತ್ತೊಂಬತ್ತು ಜನ ಇದ್ವಿ. ಈಗ ಎಷ್ಟಿದೀರಿ?"

ಮೂವರಿದ್ದೆವು. ನಾನು, ಎಕ್ಸ್‌ರೇ ವಿಭಾಗದ ಉಷಾ, ಮತ್ತು ಮಾಧವ. ಮಾಧವನಿಗೆ ಮನೆಯಲ್ಲಿ ಹೊಸದಾಗಿ ಅವಳಿ ಮಕ್ಕಳಿದ್ದುದರಿಂದ ಗುಂಡು ಹಾರುವ ಜಾಗವೇ ಅವನಿಗೆ ಪ್ರಶಾಂತವಾಗಿ ಕಾಣುತ್ತಿತ್ತು. ನನ್ನ ತಟ್ಟೆಯ ಹಪ್ಪಳ ತಾನಾಗಿಯೇ ಪುಡಿಯಾಯಿತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಏರ್‌ಸಾಫ್ಟ್ ಎಂದರೆ ನಿಜವಾದ ಬಂದೂಕಿನ ಹಾಗೇ ಕಾಣುವ ಆಟದ ಬಂದೂಕು. ಒಳಗೆ ಸಾಬಕ್ಕಿಗಿಂತ ಸ್ವಲ್ಪ ದಪ್ಪದ ಪ್ಲಾಸ್ಟಿಕ್ ಮಣಿ. ಎರಡು ಪಡೆ, ಒಂದು ಬಾವುಟ. ಮಣಿ ತಾಗಿದರೆ ಇರುವೆ ಕಚ್ಚಿದಷ್ಟು ನೋವು. ನಾನು ಹೇಳುವಾಗ ಹೆಜ್ಜೇನು ಎನ್ನುತ್ತೇನೆ. ಆದರೆ ಒಂದು ಮಾತನ್ನು ಉಬ್ಬಿಸದೆ ಹೇಳುತ್ತೇನೆ, ಕೇಳಿಸಿಕೊಳ್ಳಿ: ಆ ಮಣಿ ಬಟ್ಟೆಯ ಮೇಲೆ ಗುರುತು ಬಿಡುವುದಿಲ್ಲ. ಬಣ್ಣ ಇಲ್ಲ, ಕಲೆ ಇಲ್ಲ, ಗಂಟೆ ಬಾರಿಸುವ ಯಂತ್ರ ಇಲ್ಲ. ತಾಗಿತೋ ಇಲ್ಲವೋ ಎಂಬುದು ತಾಗಿಸಿಕೊಂಡವನಿಗೇ ಗೊತ್ತು. ಅವನೇ "ಹಿಟ್" ಎಂದು ಕೂಗಿ, ಕೈಯೆತ್ತಿ, ಕೆಂಪು ಬಟ್ಟೆಯೊಂದನ್ನು ತಲೆ ಮೇಲೆ ಹಾಕಿಕೊಂಡು ಹೊರಗೆ ನಡೆಯಬೇಕು. ಆ ಕೆಂಪು ಬಟ್ಟೆ ಕಂಡರೆ ಯಾರೂ ಮತ್ತೆ ಹೊಡೆಯುವುದಿಲ್ಲ. ಅಷ್ಟೇ ಕಾನೂನು.

ನಾವು ಆಡುತ್ತಿದ್ದುದು ಸ್ಟ್ರಾಟ್‌ಫರ್ಡ್ ಆಚೆಯ ಒಂದು ಹಳೇ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ. ಎಲ್ಲರೂ ಅದನ್ನು ಲಾಂಡ್ರಿ ಎಂದೇ ಕರೆಯುತ್ತಿದ್ದರು. ನಡೆಸುವವನು ಟೆರ್ರಿ, ಅರವತ್ತು ದಾಟಿದ, ಗಲ್ಲದ ಮೇಲೆ ಬಿಳಿ ಕುರುಚಲು ಗಡ್ಡ ಬಿಟ್ಟ ಮನುಷ್ಯ. ಗಣೇಶನ ಹಬ್ಬದ ಮರುವಾರ ಅವನು ನನ್ನನ್ನು ಪಕ್ಕಕ್ಕೆ ಕರೆದು ವಿಷಯ ತಿಳಿಸಿದ. ಜಾಗದ ಒಡೆಯರು ಅಲ್ಲಿ ಪ್ಯಾಡಲ್ ಕೋರ್ಟು ಕಟ್ಟಲು ತುದಿಗಾಲಲ್ಲಿ ನಿಂತಿದ್ದಾರೆ. ಪ್ಯಾಡಲ್ ಎಂದರೆ ಟೆನಿಸ್‌ಗೂ ಸ್ಕ್ವಾಷ್‌ಗೂ ಹುಟ್ಟಿ, ಗಾಜಿನ ಡಬ್ಬಿಯಲ್ಲಿ ಬೆಳೆದ ಕೂಸು. ಅಕ್ಟೋಬರ್ ಮೂರನೇ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಲಾಂಡ್ರಿಯ ಹಾಜರಿ ಪುಸ್ತಕದಲ್ಲಿ ನಲವತ್ತು ಆಟಗಾರರ ಸಹಿ ಇದ್ದರೆ ಇನ್ನೊಂದು ವರ್ಷ ಟೆರ್ರಿಗೇ ಕೊಡುತ್ತಾರೆ. ಇಲ್ಲದಿದ್ದರೆ ಬೀಗದ ಕೈ ವಾಪಸ್.

"ನನ್ನ ಕಡೆಯಿಂದ ಇಪ್ಪತ್ತನಾಲ್ಕು, ಹೆಚ್ಚೆಂದರೆ ಇಪ್ಪತ್ತೈದು," ಎಂದ ಟೆರ್ರಿ. ಅವನ ಇಂಗ್ಲಿಷಿನಲ್ಲಿ ಅದು ಸಂತಾಪ ಸೂಚನೆಯ ಹಾಗೆ ಕೇಳಿಸಿತು.

"ಉಳಿದದ್ದು ನನಗೆ ಬಿಡು," ಎಂದೆ. "ಕನ್ನಡಿಗರು ನೂರು ಜನ ಬರುತ್ತಾರೆ. ಬಸ್ಸು ಮಾಡಿಕೊಂಡು ಬರುತ್ತಾರೆ."

ಟೆರ್ರಿ ನನ್ನನ್ನು ಹನ್ನೊಂದು ವರ್ಷದಿಂದ ಬಲ್ಲವನು. "ಹದಿನೈದು ಸಾಕು," ಎಂದ.

ಅಂದು ಸಂಜೆ, ಆಟ ಬಿಟ್ಟ ನಮ್ಮ ಹಳಬರನ್ನೆಲ್ಲ ಕರೆಯಲು ಫೋನು ಹಿಡಿದೆ. ಬೆಳಿಗ್ಗೆಯವರೆಗೆ ಮಾತಾಡಿದೆ ಎಂದು ನನ್ನ ಹೆಂಡತಿ ಪ್ರಭಾಳ ಎದುರು ಹೇಳಲಾಗುವುದಿಲ್ಲ, ಅವಳು ಅಲ್ಲೇ ಕುಳಿತು ಅವರೆಕಾಳು ಸುಲಿಯುತ್ತಿದ್ದಳು. ಮುಕ್ಕಾಲು ಗಂಟೆ ಮಾತಾಡಿದೆ. ಮಧುಸೂದನ್ ತನಗೆ ಭಾನುವಾರ ಪ್ಯಾಡಲ್ ಇದೆ ಎಂದ, ನಾಚಿಕೆಯಿಲ್ಲದೆ ಎಂದ. ರಾಮಪ್ರಸಾದ ಮೊಣಕಾಲು ಎಂದ. ಅದೇ ಮೊಣಕಾಲಿನಲ್ಲಿ ಆತ ಮೇ ತಿಂಗಳಲ್ಲಿ ಸ್ಕಾಟ್ಲೆಂಡಿನ ಬೆಟ್ಟ ಹತ್ತಿ ಫೋಟೋ ಹಾಕಿದ್ದ. ಸಿರಿಶಾಳ ಮಗಳಿಗೆ ಇಲೆವೆನ್ ಪ್ಲಸ್, ಅಂದರೆ ಇಲ್ಲಿನ ಹೈಸ್ಕೂಲ್ ಪ್ರವೇಶ ಪರೀಕ್ಷೆಯ ಟ್ಯೂಷನ್.

"ನಿನಗೇನು ಪರೀಕ್ಷಾ ಅದ ಏನವ್ವಾ? ಮಗಳಿಗೆ ತಾನ?"

"ಡಾಕ್ಟ್ರೇ, ಬೇಜಾರ್ ಮಾಡ್ಕೋಬೇಡಿ... ಆಮೇಲ್ ಮಾಡ್ತೀನಿ," ಎಂದು ಇಟ್ಟುಬಿಟ್ಟಳು.

ನಾನು ಫೋನನ್ನು ಸೋಫಾದ ಮೇಲೆ ಒಗೆದೆ. ಮನೆ ನಡುಗುವಂತೆ ಬೈದೆ. ಫೋನಿನಲ್ಲೇ ಯುದ್ಧ ಆಡುವ ಮಕ್ಕಳನ್ನು ಬೈದೆ. ಖಾಲಿ ಗೋಡೌನು ಕಂಡಲ್ಲೆಲ್ಲ ಫ್ಲ್ಯಾಟು ಎಬ್ಬಿಸುವ ಬಿಲ್ಡರುಗಳನ್ನು, ಹೆಲ್ಮೆಟ್ಟಿಗೆ ಕ್ಯಾಮೆರಾ ಕಟ್ಟಿಕೊಂಡು ಬಂದು ಇವನು ಮೋಸ ಮಾಡಿದ, ಅವನು ಮೋಸ ಮಾಡಿದ ಎಂದು ವಿಡಿಯೋ ಹಾಕುವ ಹೊಸ ಹುಡುಗರನ್ನು, ಕೌನ್ಸಿಲ್ಲನ್ನು, ಹವಾಮಾನವನ್ನು, ಎಲ್ಲರಿಗಿಂತ ಹೆಚ್ಚಾಗಿ ಚಂದ್ರಶೇಖರನನ್ನು ಬೈದೆ. ಆಟ ಸತ್ತಿದ್ದರೆ ಕೊಂದವರು ಇವರೇ ಎಂದೆ.

ಪ್ರಭಾ ಕಾಳು ಸುಲಿಯುತ್ತಲೇ ಇದ್ದಳು. ಅವಳು ಧಾರವಾಡದವಳು, ಜಿಪಿ, ಅಂದರೆ ಇಲ್ಲಿನ ಫ್ಯಾಮಿಲಿ ಡಾಕ್ಟರು. ದಿನಕ್ಕೆ ನಲವತ್ತು ಜನರ ಸುಳ್ಳು ಕೇಳಿ ಅಭ್ಯಾಸವಾದವಳು.

"ಎಲ್ಲಾರನ್ನೂ ಬೈದ್ರಿ. ಒಬ್ಬರು ಬಿಟ್ಟುಹೋದ್ರು ನೋಡ್ರಿ," ಎಂದಳು.

"ಯಾರು?"

ಅವಳು ಗೋಡೆಯ ಕಡೆ ನೋಡಿದಳು. ಗೋಡೆಯ ಮೇಲೆ ನನ್ನ ಫೋಟೋ ಇತ್ತು: ತಲೆಗೆ ಮೈಸೂರು ಪೇಟ, ಹೆಗಲಿಗೆ ಜರಿಯಂಚಿನ ಕೆಂಪು ಶಾಲು, ಕೈಯಲ್ಲಿ ಹಣ್ಣಿನ ಬುಟ್ಟಿ.

ಆ ಫೋಟೋದ ಕಥೆ ಹೇಳಲೇಬೇಕು. ಎರಡು ವರ್ಷದ ಹಿಂದೆ, ಸೆಪ್ಟೆಂಬರಿನಲ್ಲಿ, ಲಾಂಡ್ರಿಯ ನೆಲಮಾಳಿಗೆಯ ಬಾಯ್ಲರ್ ರೂಮಿನಲ್ಲಿ ಬಾವುಟವಿತ್ತು. ದಿನದ ಕೊನೆಯ ಆಟ. ಅಂದು ನಮ್ಮ ಹತ್ತೊಂಬತ್ತು ಜನರನ್ನು ಎರಡೂ ಪಡೆಗೆ ಹಂಚಿದ್ದರು. ನಾನು ಒಬ್ಬನೇ ಒಳಗೆ ನುಗ್ಗಿದೆ. ಶತ್ರುಗಳು ನಾಲ್ವರಿದ್ದರು. ಮರುದಿನ ಆಸ್ಪತ್ರೆಯಲ್ಲಿ ಹೇಳುವಾಗ ಏಳಾದರು. ದಸರಾ ಹೊತ್ತಿಗೆ ಹನ್ನೊಂದು. ಉಗುರಿನಷ್ಟು ಜಾಗದಲ್ಲಿ ಉರುಳಿ, ಹಬೆಯ ಕೊಳವೆ ಹಿಡಿದು ಜೋತಾಡಿ, ಒಂದೇ ಮಣಿಯಲ್ಲಿ ಇಬ್ಬರನ್ನು ಕೆಡವಿ ನಾನು ಬಾವುಟ ಕಿತ್ತೆ. ನಮ್ಮ ಸಂಘದ ಸಮಿತಿಗೆ ಆ ವರ್ಷದ ರಾಜ್ಯೋತ್ಸವಕ್ಕೆ ಸನ್ಮಾನ ಮಾಡಲು ಯಾರೂ ಸಿಕ್ಕಿರಲಿಲ್ಲ. ಬರಬೇಕಾಗಿದ್ದ ಕಲಾವಿದರ ವಿಮಾನ ತಪ್ಪಿತ್ತು. ಪೇಟ ಬಂದಿತ್ತು, ಶಾಲು ಬಂದಿತ್ತು, ಹಣ್ಣು ಕೊಳೆಯುವುದರಲ್ಲಿತ್ತು. ತಲೆ ಒಂದು ಬೇಕಾಗಿತ್ತು. "ಆಂಗ್ಲರ ನೆಲದಲ್ಲಿ ಕನ್ನಡದ ಕಲಿತನ ಮೆರೆದ ವೀರ" ಎಂದು ನನ್ನನ್ನು ವೇದಿಕೆಗೆ ಕರೆದರು. ಸನ್ಮಾನ ಪತ್ರ ಓದಿ ಪೇಟ ತೊಡಿಸಿದವನು ಸಂಘದ ಕಾರ್ಯದರ್ಶಿ. ಕಾರ್ಯದರ್ಶಿ ಎಂದರೆ ಚಂದ್ರಶೇಖರ್.

ಅವತ್ತು ಬಾಯ್ಲರ್ ರೂಮಿನಲ್ಲಿ ಎದುರು ಪಡೆಯಲ್ಲಿದ್ದ ನಾಲ್ವರಲ್ಲಿ ಒಬ್ಬನೂ ಚಂದ್ರಶೇಖರನೇ.

ನಾನು ಬಾವುಟ ಕೀಳುವ ಮೊದಲು ಅವನು ಕೊಳವೆಯ ಹಿಂದಿನಿಂದ "ಹಿಟ್ ಡಾಕ್ಟ್ರೇ! ಕುತ್ತಿಗೆಗೆ!" ಎಂದು ಕೂಗಿದ್ದ. ಅವನ ದನಿ ಇಡೀ ನೆಲಮಾಳಿಗೆಗೆ ಕೇಳಿಸಿತ್ತು. ನಾನು "ತಾಗಿಲ್ಲ" ಎಂದೆ. ಅವನು ಮತ್ತೆ ಕೇಳಲಿಲ್ಲ. ಕೇಳುವ ಹಾಗಿಲ್ಲ, ಅದೇ ಆಟದ ಕಾನೂನು. ಎರಡು ತಿಂಗಳಾದ ಮೇಲೆ ಪೇಟವನ್ನು ನನ್ನ ತಲೆಗೆ ಇಡುವಾಗಲೂ ಅವನು ಏನೂ ಅನ್ನಲಿಲ್ಲ. ಕಿವಿಯ ಮೇಲಕ್ಕೆ ಸ್ವಲ್ಪ ಒತ್ತಿ ಕೂರಿಸಿದ, ಅಷ್ಟೇ. ಆಮೇಲೆ ಲಾಂಡ್ರಿಗೆ ಬರಲಿಲ್ಲ. ಆ ಕೆಂಪು ಶಾಲನ್ನು ನಾನು ಪ್ರತಿ ಆಟಕ್ಕೂ ಕುತ್ತಿಗೆಗೆ ಸುತ್ತಿಕೊಂಡು ಹೋಗುತ್ತಿದ್ದೆ, ಅದೃಷ್ಟದ ಶಾಲು ಎಂದು. ಬರಬರುತ್ತ ನೋಡುವವರು ಕಡಿಮೆಯಾದರು.

ನೀವೀಗ ಕೇಳುತ್ತೀರಿ, ತಾಗಿತ್ತೋ ಇಲ್ಲವೋ ಎಂದು. ಸ್ವಲ್ಪ ತಾಳಿ. ಪ್ರಭಾಳಿಗೂ ನಾನು ಅದನ್ನು ಹೇಳಿರಲಿಲ್ಲ.

ಮರುದಿನ ಕಾಮಾಕ್ಷಮ್ಮನವರ ಮನೆಗೆ ಹೋದೆ. ಅವರು ಮೈಸೂರಿನವರು, ಮಕ್ಕಳ ಡಾಕ್ಟರಾಗಿ ನಿವೃತ್ತರಾದವರು, ವಯಸ್ಸು ಎಪ್ಪತ್ತೊಂದು, ನಮ್ಮ ಸಂಘದ ಅಧ್ಯಕ್ಷೆ. ಅವರು ಒಂದು ಮಾತು ಹೇಳಿದರೆ ಪಿನ್ನರ್‌ನ ನಾಯಿಗಳೂ ಕುಳಿತುಕೊಳ್ಳುತ್ತವೆ. ಹದಿನೈದು ಜನರಿಗೆ ಫೋನು ಮಾಡಿ ಎಂದು ಕೇಳಿದೆ.

ಅವರು ಫಿಲ್ಟರ್ ಕಾಫಿಯನ್ನು ಎರಡು ಸಲ ಎತ್ತಿ ಹೊಯ್ದು ನನ್ನ ಮುಂದಿಟ್ಟರು.

"ನಾನ್ ಮಾಡ್ತೀನಪ್ಪ. ಆದ್ರೆ ಅವ್ರು ಯಾಕ್ ಬರಲ್ಲ ಅಂತ ನಿಂಗೆ ಗೊತ್ತಾ?"

"ಪ್ಯಾಡಲ್. ಮೊಣಕಾಲು. ಟ್ಯೂಷನ್."

"ಅದೆಲ್ಲ ನಿನ್ ಮುಖಕ್ಕೆ ಹೇಳೋದು. ನನ್ ಹತ್ರ ಏನ್ ಹೇಳ್ತಾರೆ ಗೊತ್ತಾ? ಕೈ ಎತ್ತದೇ ಇರೋರ ಜೊತೆ ಯಾರ್ ಆಡ್ತಾರೆ ಆಂಟೀ, ಅಂತಾರೆ."

"ಚಂದ್ರು ಹೇಳಿಕೊಟ್ಟಾನ."

"ಅವನು ಒಂದ್ ಮಾತು ಆಡಿಲ್ಲ. ಅವನು ಕೂಗಿದ್ದನ್ನ ಎಲ್ಲಾರೂ ಕೇಳಿದ್ರು. ನೀನ್ ಇಲ್ಲ ಅಂದೆ. ಸರಿ, ಒಬ್ರ ಮಾತಿಗೆ ಒಬ್ರ ಮಾತು. ಆಮೇಲೆ ನಾವೇ ನಿಂಗೆ ಶಾಲು ಹೊದಿಸ್ಬಿಟ್ವಿ. ನನ್ ಬುದ್ಧಿಗೆ ಏನಾಗಿತ್ತೋ. ಅಲ್ಲಿಗೆ ಅವ್ನ ಮಾತು ಸುಳ್ಳು ಅಂತ ಸ್ಟೇಜ್ ಮೇಲೆ ಓದಿಸಿದ ಹಾಗಾಯ್ತು. ಅದೂ ಅವನ ಬಾಯಲ್ಲೇ."

ನಾನು ಎದ್ದು ನಿಂತೆ. ಆ ಸಿಟ್ಟಿನಲ್ಲಿ ಅವರ ಮನೆಯ ಚಾವಣಿ ಒಂದು ಅಡಿ ಮೇಲೆದ್ದಿರಬೇಕು. "ನಾ ಹನ್ನೊಂದು ವರ್ಷ ಈ ಆಟ ಹೊತ್ತೀನಿ! ನಾ ಇಲ್ಲಾಂದ್ರ ನಿಮಗ ಯಾರಿಗೂ ಬಂದೂಕಿನ ಬಾಯಿ ಯಾವುದು ಹಿಂಭಾಗ ಯಾವುದು ಗೊತ್ತಿರ್ಲಿಲ್ಲ! ನಾ ಕಳ್ಳನಾ?"

"ನಾನ್ ಕೇಳಿಲ್ಲಪ್ಪ," ಎಂದರು. "ಕಾಫಿ ಆರುತ್ತೆ. ನಾನ್ ಅವರನ್ನೆಲ್ಲ ಗೇಟಿನ್‌ವರೆಗೂ ಕರ್ಕೊಂಡು ಬರ್ತೀನಿ. ಚಂದ್ರೂನೂ ಕರ್ಕೊಂಡು ಬರ್ತೀನಿ. ಒಳಗೆ ಕರ್ಕೊಂಡು ಹೋಗೋದು ನಿನ್ ಕೆಲಸ."

ಕಾಫಿ ಕುಡಿಯದೆ ಹೊರಟೆ. ಪಿನ್ನರ್‌ನಿಂದ ಅಕ್ಸ್‌ಬ್ರಿಡ್ಜಿನವರೆಗೆ ಎಲ್ಲ ಸಿಗ್ನಲ್ಲುಗಳೂ ನನ್ನ ಮುಖ ನೋಡಿ ಕೆಂಪಾದವು.

ಆ ವಾರದ ಶುಕ್ರವಾರ ಆಪರೇಷನ್ ಥಿಯೇಟರಿಗೆ ಒಬ್ಬ ಅಜ್ಜಿ ಬಂದಳು. ಸೊಂಟದ ಆಪರೇಷನ್. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಕಾಲು ಮರಗಟ್ಟಿಸಿದೆ. ಕೊಯ್ಯುವ ಮೊದಲು ನಾವು ತಣ್ಣನೆಯ ಸ್ಪ್ರೇ ಹೊಡೆದು "ತಣ್ಣಗನ್ನಿಸುತ್ತಾ?" ಎಂದು ಕೇಳುತ್ತೇವೆ. ಇಲ್ಲ ಎಂದರೆ ಮಾತ್ರ ಕತ್ತಿ. ಆಕೆ ಹೌದು ಎಂದಳು. ಐದು ನಿಮಿಷ ಬಿಟ್ಟು ಕೇಳಿದೆ. ಹೌದು, ಸ್ವಲ್ಪ, ಎಂದಳು. ಸರ್ಜನ್ ಗಡಿಯಾರ ನೋಡಿ, ಹೆದರಿಕೆಗೆ ಹಾಗನ್ನಿಸುತ್ತಿರಬಹುದು, ಔಷಧಿ ಇಷ್ಟೊತ್ತಿಗೆ ಹತ್ತಿರಲೇಬೇಕು ಎಂದ. ನಾನು ಅವನ ಮೇಲೆ ಹರಿಹಾಯ್ದೆ.

"ಅವರಿಗೆ ತಾಗುತ್ತಿದೆ ಎಂದರೆ ತಾಗುತ್ತಿದೆ. ಗೊತ್ತಾಗುವುದು ಅವರಿಗೆ, ನಿನಗಲ್ಲ!"

ಅಷ್ಟು ಜೋರಾಗಿ ಹೇಳಬೇಕಾಗಿರಲಿಲ್ಲ. ನರ್ಸುಗಳು ತಿರುಗಿ ನೋಡಿದರು. ಹೇಳಿ ಮುಗಿಯುತ್ತಿದ್ದಂತೆ ನನ್ನ ಎಡಕಿವಿಯ ಕೆಳಗೆ, ಹೆಲ್ಮೆಟ್ಟಿನ ಪಟ್ಟಿ ಮುಗಿಯುವ ಕಡೆ, ಎರಡು ವರ್ಷದ ಹಿಂದಿನ ಒಂದು ಮಣಿ 'ಟಕ್' ಎಂದಿತು. ಹತ್ತು ನಿಮಿಷವಾದ ಮೇಲೆ ಅಜ್ಜಿ ಇಲ್ಲ ಎಂದಳು. ಆಪರೇಷನ್ ಸರಿಹೋಯಿತು.

ತಾಗಿತ್ತು. ಚೆನ್ನಾಗಿಯೇ ತಾಗಿತ್ತು. ಬಾವುಟಕ್ಕೂ ನನಗೂ ಮೂರು ಹೆಜ್ಜೆ ಇತ್ತು. ಮೂರೇ.

ಅಕ್ಟೋಬರ್ ಮೂರನೇ ಭಾನುವಾರ ಬಂತು. ಲಂಡನ್ನಿನ ಇತಿಹಾಸದಲ್ಲೇ ಅಂಥ ಚಳಿ ಬಿದ್ದಿರಲಿಲ್ಲ; ಹನ್ನೆರಡು ಡಿಗ್ರಿ. ಒಂಬತ್ತೂವರೆಗೆ ಲಾಂಡ್ರಿಯ ಗೇಟಿನ ಹತ್ತಿರ ಹೋದರೆ ಟೆರ್ರಿ ಹಾಜರಿ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಪಕ್ಕದಲ್ಲಿ ಜಾಗದ ಒಡೆಯರ ಕಡೆಯ ಒಬ್ಬ ಯುವತಿ, ಟ್ಯಾಬ್ಲೆಟ್ ಹಿಡಿದು ನಿಂತಿದ್ದಳು. ಟೆರ್ರಿಯ ಕಡೆಯಿಂದ ಇಪ್ಪತ್ತನಾಲ್ಕು ಸಹಿ ಬಿದ್ದಿತ್ತು. ನಾನು, ಉಷಾ, ಮಾಧವ ಸೇರಿ ಇಪ್ಪತ್ತೇಳು.

ಕಾರು ನಿಲ್ಲಿಸುವ ಜಾಗದಲ್ಲಿ ನಮ್ಮವರು ನಿಂತಿದ್ದರು. ಕಾಮಾಕ್ಷಮ್ಮ ಮಾತಿಗೆ ತಪ್ಪಿರಲಿಲ್ಲ. ಅವರೂ ಸೇರಿ ಹದಿಮೂರು ಜನ. ಮುಹೂರ್ತಕ್ಕೆ ಬಂದು, ಹೆಣ್ಣಿನವರು ಒಳಗೆ ಕರೆಯಲಿ ಎಂದು ಹೊರಗೇ ನಿಂತ ಬೀಗರ ಹಾಗೆ, ಕೈಯಲ್ಲಿ ಫ್ಲಾಸ್ಕು, ಚಿತ್ರಾನ್ನದ ಡಬ್ಬಿ ಹಿಡಿದು ನಿಂತಿದ್ದರು. ಮಧುಸೂದನ್ ಇದ್ದ. ಮೊಣಕಾಲಿನ ರಾಮಪ್ರಸಾದ ಒಂಟಿಕಾಲಲ್ಲಿ ಒರಗಿದ್ದ. ಸಿರಿಶಾ ಇದ್ದಳು. ಎಲ್ಲರ ಹಿಂದೆ ತನ್ನ ಕಾರಿಗೆ ಬೆನ್ನು ಕೊಟ್ಟು ಚಂದ್ರಶೇಖರ್.

ಇಪ್ಪತ್ತೇಳಕ್ಕೆ ಹದಿಮೂರು ಸೇರಿಸಿದರೆ ಎಷ್ಟು ಎಂದು ನಿಮಗೂ ಗೊತ್ತು, ಅವರಿಗೂ ಗೊತ್ತಿತ್ತು.

ನಾನು ಭಾಷಣ ಶುರು ಮಾಡಿದೆ. ಕನ್ನಡದ ಮಾನ ಎಂದೆ, ಇತಿಹಾಸ ಎಂದೆ, ಸಾವಿರಾರು ವರ್ಷಗಳ ನಂತರ ನಿಮ್ಮ ಮೊಮ್ಮಕ್ಕಳು ಈ ಗೇಟಿಗೆ ಕೈಮುಗಿಯುತ್ತಾರೆ ಎಂದೆ. ರಾಮಪ್ರಸಾದ ಕಾಲು ಬದಲಿಸಿದ. ಯಾರೋ ಫ್ಲಾಸ್ಕಿನ ಮುಚ್ಚಳ ತೆಗೆದರು.

"ಮುಗೀತಾ ಡಾಕ್ಟ್ರೇ?" ಎಂದ ಚಂದ್ರು.

"ಲೇ ಚಂದ್ರ್ಯಾ! ನೀ ಬಂದದ್ದ ಆಟ ಮುಚ್ಚೋದು ನೋಡಾಕ ಹೌದಿಲ್ಲೋ? ಎದಿ ಮುಟ್ಟಿ ಹೇಳು!"

"ಹೌದು," ಎಂದ. ಅವನ ಮುಖವೂ ಕೆಂಪಾಯಿತು. ಅವನು ಕೋಪಗೊಂಡದ್ದನ್ನು ನಾನು ಅದೇ ಮೊದಲ ಸಲ ನೋಡಿದ್ದು. "ಮುಚ್ಚೋದೇ ನೋಡೋಣ ಅಂತ ಬಂದೆ. ಗುರುತು ಬೀಳದಿರೋ ಆಟ ಇದು. ಮಾತೊಂದೇ ಇರೋದು. ಆ ಮಾತು ಹೋದ್ಮೇಲೆ ಏನಿದೆ ಇಲ್ಲಿ? ಕ್ಯಾಮೆರಾ ಕಟ್ಕೊಂಡು ಆಡಬೇಕಾ ನಿಮ್ ಜೊತೆ? ಎರಡ್ ವರ್ಷ ನೀವ್ ಆ ಕಥೆ ಹೇಳ್ತಾನೇ ಇದೀರಿ. ಪ್ರತಿ ಹಬ್ಬದಲ್ಲೂ. ನಾನ್ ತಟ್ಟೆ ಹಿಡ್ಕೊಂಡು ಕೇಳ್ತಾನೇ ಇದೀನಿ. ಹೋದ್ ಸಲ ಇಪ್ಪತ್ಮೂರ್ ಜನ ಶತ್ರುಗಳು! ಆ ಇಪ್ಪತ್ಮೂರರಲ್ಲಿ ನಾನ್ ಎಲ್ಲಿದ್ದೆ ಡಾಕ್ಟ್ರೇ? ಹೇಳಿ?"

ಗಡಿಯಾರ ಒಂಬತ್ತೂ ಐವತ್ತು ತೋರಿಸುತ್ತಿತ್ತು. ಟೆರ್ರಿಗೆ ಒಂದು ಪದವೂ ಅರ್ಥವಾಗುತ್ತಿರಲಿಲ್ಲ, ಆದರೂ ಪೆನ್ನಿನ ಮುಚ್ಚಳ ಹಾಕಿಬಿಟ್ಟಿದ್ದ. ಆ ಮುಚ್ಚಳದ ಸದ್ದು ನನಗೆ ಸಿಟ್ಟು ತರಿಸಿತು. ಎಲ್ಲರ ಮೇಲಿದ್ದ ಸಿಟ್ಟು ಒಂದು ಸುತ್ತು ಹೊಡೆದು, ಹೋಗಲು ಬೇರೆ ಜಾಗವಿಲ್ಲದೆ, ಬಂದು ನನ್ನ ಕಿವಿಯ ಕೆಳಗೇ ನಿಂತಿತು.

"ಕೊಳವಿ ಹಿಂದ ಇದ್ದಿ," ಎಂದೆ. "ಶತ್ರುಗಳು ನಾಲ್ಕೇ ಮಂದಿ. ನೀ ಹೊಡದಿ. ತಾಗ್ತು. ಎಡಗಿವಿ ಕೆಳಗ. ನನಗ ಗೊತ್ತಾತು. ಬಾವುಟ ಮೂರು ಹೆಜ್ಜಿ ಇತ್ತು, ಸುಳ್ಳು ಹೇಳಿದೆ."

ಹದಿಮೂರು ಜನರೂ ಒಟ್ಟಿಗೆ ಉಸಿರು ಬಿಟ್ಟದ್ದು ಕೇಳಿಸಿತು. ಉಷಾ ನನ್ನ ಪಕ್ಕದಿಂದ ಅರ್ಧ ಹೆಜ್ಜೆ ಸರಿದಳು. ಪ್ರಭಾ ಕಾರಿನಲ್ಲಿ ಕಿಟಕಿ ಇಳಿಸಿ ಕುಳಿತಿದ್ದಳು. ಅವಳ ಕಡೆ ನೋಡಲಿಲ್ಲ.

ಚಂದ್ರು ಕಾರಿನಿಂದ ಬೆನ್ನು ತೆಗೆದು ನನ್ನ ಮುಂದೆ ಬಂದು ನಿಂತ. ಆಮೇಲೆ, "ಹಾಗಾದ್ರೆ ನಡೀರಿ," ಎಂದ.

"ಎಲ್ಲಿಗೆ?"

"ತಾಗಿದ್ರೆ ಏನ್ ಮಾಡ್ಬೇಕು? ನೀವೇ ಅಲ್ವಾ ನನಗೆ ಕಲಿಸಿದ್ದು? ಬಾಯ್ಲರ್ ರೂಮಿಂದ ನಡೀರಿ. ಕೈ ಎತ್ತಿ. ಕೆಂಪು ಬಟ್ಟೆ ಹಾಕ್ಕೊಂಡು."

ನನ್ನ ಕೆಂಪು ಬಟ್ಟೆಯನ್ನು ಕಾರಿನಲ್ಲೇ ಬಿಟ್ಟಿದ್ದೆ. ಕುತ್ತಿಗೆಯಲ್ಲಿ ಶಾಲಿತ್ತು. ಅವನು ಅದನ್ನೇ ನೋಡುತ್ತಿದ್ದ.

ಲೆಕ್ಕವಿಲ್ಲದಷ್ಟು ಮೆಟ್ಟಿಲು ಇಳಿದು ಬಾಯ್ಲರ್ ರೂಮಿಗೆ ಹೋದೆ. ಹದಿನಾಲ್ಕು ಮೆಟ್ಟಿಲು. ತುಕ್ಕಿನ ವಾಸನೆ. ಬಾವುಟ ಇರುತ್ತಿದ್ದ ಮೂಲೆಯಲ್ಲಿ ಯಾರೋ ಕುಡಿದು ಬಿಟ್ಟ ಜ್ಯೂಸ್ ಡಬ್ಬಿ. ಸನ್ಮಾನದ ಶಾಲನ್ನು ಕುತ್ತಿಗೆಯಿಂದ ಬಿಚ್ಚಿ ತಲೆಯ ಮೇಲೆ ಹಾಕಿಕೊಂಡೆ. ಜರಿಯಂಚು ಕಣ್ಣಿನ ಮೇಲೆ ಬಿತ್ತು. ಬಲಗೈ ಎತ್ತಿದೆ. "ಹಿಟ್!" ಎಂದೆ. ದನಿ ಗೋಡೆಗೆ ಬಡಿದು ನನ್ನ ಮೇಲೇ ಬಂತು. ಮೇಲೆ ಬಂದು, ಬಟ್ಟೆ ಒಣಹಾಕುತ್ತಿದ್ದ ಹಾಲ್ ದಾಟಿ, ಅಂಗಳ ದಾಟಿ, ಕನ್ನಡಿಗರ ಮುಂದೆ, ಟೆರ್ರಿಯ ಇಪ್ಪತ್ತನಾಲ್ಕು ಆಂಗ್ಲರ ಮುಂದೆ, ಟ್ಯಾಬ್ಲೆಟ್ ಹಿಡಿದ ಯುವತಿಯ ಮುಂದೆ ನಡೆದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಜಗಳವಾಡಬಹುದಾಗಿತ್ತು.

ಟೆರ್ರಿ ಉಷಾಳ ಕಿವಿಯಲ್ಲಿ ಇದು ನಿಮ್ಮ ಪೂಜೆಯಾ ಎಂದು ಕೇಳಿದ. ಅವಳು ಹೌದು ಎಂದಳು.

ನಾನು ಹೊರಗಾದವರು ಕೂರುವ ಶೆಡ್ಡಿನ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಸಿದೆ.

"ಎರಡ್ ವರ್ಷ ಲೇಟು," ಎಂದ ಚಂದ್ರು, ಪೆನ್ನು ತೆಗೆದುಕೊಳ್ಳುತ್ತ. "ಇವತ್ತು ಇಡೀ ದಿನ ಔಟ್ ನೀವು."

"ಏ, ಒಂದು ಆಟಕ್ಕಷ್ಟ ಅಲ್ಲೇನೋ ರೂಲು!"

"ಆಂಟೀ, ಏನಂತೀರಾ?"

"ಕೂತ್ಕೊಳ್ಲಿ ಅವ್ನು," ಎಂದರು ಕಾಮಾಕ್ಷಮ್ಮ, ಚಂದ್ರುವಿನ ನಂತರ ಸಹಿ ಹಾಕುತ್ತ. ಕೆಲಸಕ್ಕೆ ಹೋಗುವಾಗಿನ ಹಳೇ ಓವರ್‌ಕೋಟು ಹಾಕಿಕೊಂಡಿದ್ದರು, ಬಾಡಿಗೆಯ ಅರ್ಧ ನೀಲಿ ಬಣ್ಣದ ಬಂದೂಕನ್ನು ಛತ್ರಿಯ ಹಾಗೆ ಕಂಕುಳಲ್ಲಿ ಇಟ್ಟುಕೊಂಡಿದ್ದರು.

ಹತ್ತು ಗಂಟೆಗೆ ಟೆರ್ರಿ ಎಣಿಸಿದ. ಯುವತಿ ಎಣಿಸಿದಳು. ನಲವತ್ತು. ನಾನು ಇದಕ್ಕೆ ಒಂದು ಸೊನ್ನೆಯನ್ನೂ ಸೇರಿಸುವುದಿಲ್ಲ. ನಲವತ್ತು. ಟೆರ್ರಿ ಬೀಗದ ಕೈಗೊಂಚಲನ್ನು ಜೇಬಿಗೆ ಹಾಕಿ, ಜೇಬಿನ ಮೇಲೆ ಎರಡು ಸಲ ತಟ್ಟಿಕೊಂಡ.

ಲಂಡನ್ ಕಂಡ ಅತಿ ದೊಡ್ಡ ಕಾಳಗ ಅಂದು ನಡೆಯಿತು, ನಾನು ಒಂದು ಕ್ಷಣವನ್ನೂ ನೋಡಲಿಲ್ಲ. ಶೆಡ್ಡಿನ ತಗಡಿಗೆ ಮಣಿ ಬೀಳುವ ಸದ್ದು ಕೇಳುತ್ತ, ತಲೆಯ ಮೇಲೆ ಶಾಲು ಹೊದ್ದು, ಹಲ್ಲು ಕಡಿಯುತ್ತ ಕುಳಿತಿದ್ದೆ. ಈ ಆಟವನ್ನು ಉಳಿಸಿದವನು ನಾನು, ಹೇಳಲು ಒಂದು ಕಥೆಯೂ ಇಲ್ಲ! ಪ್ರಭಾ ಬಂದು ಚಿತ್ರಾನ್ನದ ಡಬ್ಬಿ ನನ್ನ ತೊಡೆಯ ಮೇಲಿಟ್ಟು, "ಉಣ್ರಿ," ಎಂದು ಹೋದಳು. ಎರಡು ವರ್ಷ ಗೋಡೆಗೆ ನೇತುಹಾಕಿದ ಫೋಟೋದ ಬಗ್ಗೆ ಒಂದು ಮಾತೂ ಆಡಲಿಲ್ಲ. ಅದು ಇನ್ನೂ ಕೆಟ್ಟದ್ದು.

ಹತ್ತೂಕಾಲಿಗೆ ಕಾಮಾಕ್ಷಮ್ಮ ಕೈಯೆತ್ತಿಕೊಂಡು, ತಲೆ ಮೇಲೆ ಕೆಂಪು ಕರವಸ್ತ್ರ ಹಾಕಿಕೊಂಡು ಬಂದು ಪಕ್ಕದಲ್ಲಿ ಕುಳಿತರು.

"ಯಾರು ಹೊಡದ್ರು?"

"ಯಾರೋ ಗೊತ್ತಿಲ್ಲಪ್ಪ. ತಾಗಿದ್ದು ಗೊತ್ತಾಯ್ತು, ಬಂದೆ." ಓವರ್‌ಕೋಟಿನ ತೋಳು ಉಜ್ಜಿಕೊಂಡರು. "ಇಷ್ಟೇನಾ ನೋವು? ನೀನ್ ಹೆಜ್ಜೇನು ಅಂದಿದ್ದಲ್ಲ."

ಎರಡನೇ ಆಟದಲ್ಲಿ, ಹನ್ನೊಂದರ ಹೊತ್ತಿಗೆ ಚಂದ್ರು ಬಂದ. ಕೈ ಎತ್ತಿದ್ದ. ಒಂದು ಕುರ್ಚಿ ಬಿಟ್ಟು ಕುಳಿತ. ನನ್ನ ಕಡೆ ನೋಡಲಿಲ್ಲ, ನಾನೂ ನೋಡಲಿಲ್ಲ.

"ಯಾರು?" ಎಂದೆ, ತಗಡಿಗೆ ಹೇಳುವ ಹಾಗೆ.

"ಸಿರಿಶಾ."

"ಎಷ್ಟು ದೂರದಿಂದ?"

"ಹತ್ತ್ ಅಡಿ ಇರ್ಬೋದು."

ಹತ್ತು ಅಡಿ! ನಾನಾಗಿದ್ದರೆ ಇನ್ನೂರು ಗಜ, ಕತ್ತಲಲ್ಲಿ, ಗೋಡೆಗೆ ಬಡಿದು ತಿರುಗಿ ಬಂದ ಮಣಿ ಎನ್ನುತ್ತಿದ್ದೆ. ಚಿತ್ರಾನ್ನದ ಡಬ್ಬಿಯನ್ನು ನಡುವಿನ ಖಾಲಿ ಕುರ್ಚಿಯ ಮೇಲಿಟ್ಟೆ. ಅವನಿಗೆ ಕೊಡಲಿಲ್ಲ, ಅಲ್ಲಿ ಇಟ್ಟೆ, ಅಷ್ಟೇ. ಅವನು ಸ್ವಲ್ಪ ಹೊತ್ತು ಬಿಟ್ಟು ಒಂದು ಕಡಲೆಬೀಜ ಆರಿಸಿಕೊಂಡ.

"ನಾನ್ ಈಗ್ಲೂ ಹೇಳ್ತೀನಿ ಡಾಕ್ಟ್ರೇ," ಎಂದ, ಅಗಿಯುತ್ತ. "ಏರ್‌ಸಾಫ್ಟ್ ಮುಗಿದ್ ಹೋದ ಆಟ."

ನನ್ನ ರಕ್ತ ಮತ್ತೆ ಕುದಿಯಿತು. ಎದ್ದು ನಿಲ್ಲಲು ಹೋದೆ. ಶಾಲು ಕಣ್ಣಿಗೆ ಅಡ್ಡ ಬಂತು.

"ಹೇಳಲೇ," ಎಂದೆ. "ಮುಂದಿನ ಭಾನುವಾರ ಒಂಬತ್ತೂವರಿಗೆ ಬಾ. ನನ್ನ ಮುಖ ನೋಡಿ ಹೇಳು."

"ಒಂಬತ್ತೂವರೆ ಆಗಲ್ಲ," ಎಂದ. "ಒಂಬತ್ತೂ ಮುಕ್ಕಾಲು."